ಸೇವಂತಿಗೆಗೆ ಕಟ್ಟಿದ ಬಲ್ಬು

ಕವಿತಾ, ಮಾದೇಶ, ನಿಮ್ಮ ಚಿಕ್ಕತಾತನಿಗೆ ಗಿಡಗಳ ಮಾತೆಲ್ಲ ಕೇಳಿಸುತ್ತದೆ. ಮನುಷ್ಯರದು ಮಾತ್ರ ಕೇಳಿಸುವುದಿಲ್ಲ! ಸೇಲಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಈ ಮೈದುನ ಶನಿವಾರವಾದರೆ ಪಾಲಕೋಡ್ ಬಸ್ಸು ಹತ್ತಿ ನಮ್ಮ ತೋಟಕ್ಕೆ ಬರುತ್ತಿದ್ದ. ಬಂದವನು ಕೈಕಾಲಾದರೂ ತೊಳೆಯುತ್ತಿದ್ದನೇ? ನೇರವಾಗಿ ನೀರಿನ ತೊಟ್ಟಿಯ ಹತ್ತಿರ ಹೋಗಿ ಬಗ್ಗುತ್ತಿದ್ದ.

"ಅತ್ಗೆ, ಪಾಚಿ ಉಜ್ಬೇಡಿ! ಒಂದೊಂದು ಕಣದೊಳ್ಗೂ ಸುದ್ದಿ ಓಡಾಡ್ತೈತೆ. ಬೆಳಕು ಬಿತ್ತು, ಬೆಳೀರಿ ಅಂತ."

"ಎಮ್ಮೆ ಆ ನೀರು ಮೂಸಿ ವಾಪಸ್ ಓಯ್ತಪ್ಪಾ. ಅದಕ್ಕೂ ಒಂದು ಸುದ್ದಿ ಕಳ್ಸು!"

ಒಂದು ವರ್ಷ ನಿಮ್ಮ ತಾತ ಕಾಯಿಲೆ ಬಿದ್ದು ಸೇಲಂ ಆಸ್ಪತ್ರೆ ಸೇರಿದ್ದರು. ಹೊರಡುವ ಮುಂಚೆ ಮನೆ ಮುಂದಿನ ಪಾತಿಯಲ್ಲಿ ಸೇವಂತಿಗೆ ನೆಟ್ಟು, "ಊ ಬಿಡೋದ್ರೊಳ್ಗೆ ಬಂದ್ಬಿಡ್ತೀನಿ" ಅಂದಿದ್ದರು. ಆ ಹೂವನ್ನು ಅವರು ನೋಡಬೇಕು. ದೇವರ ಹತ್ತಿರ ನಾನು ಬೇಡಿದ್ದು ಅದೊಂದೇ.

ಮೈದುನ ಮಾಡಿದ್ದೇನು ಗೊತ್ತೇ? ಪಾತಿಯ ಮೇಲೆ ಬಲ್ಬು ಕಟ್ಟಿದ! "ರಾತ್ರಿ ಆರಿಸ್ಬೇಡಿ" ಎಂದು ಅಪ್ಪಣೆ ಬೇರೆ. ಪಕ್ಕದ ತೋಟದ ಮುನಿಯಮ್ಮ ಬೇಲಿಯಾಚೆಯಿಂದ ಕೂಗಿದಳು: "ಏನಕ್ಕಾ, ಊವಿನ ಗಿಡ ಪರೀಕ್ಷೆಗೆ ಓದ್ತಾ ಐತಾ?"

ಆಯುಧಪೂಜೆಗೆ ಊರಿನ ಪಾತಿಗಳೆಲ್ಲ ಹಳದಿ. ನಮ್ಮದರಲ್ಲಿ ಒಂದು ಮೊಗ್ಗೂ ಇಲ್ಲ! ಮಚ್ಚು, ಗುದ್ದಲಿಗೆ ಇಡಲು ಆ ಮುನಿಯಮ್ಮನ ಹತ್ತಿರವೇ ಹೂವು ಕೇಳಬೇಕಾಯಿತು.

"ಏನಪ್ಪಾ ಇದು ಪೈತ್ಯ? ತಲೆ ಕೆಟ್ಟೈತಾ?" ಎಂದು ರೇಗಿದೆ.

"ಕತ್ಲೆ ಉದ್ದ ಆದದ್ದು ಎಲೆಗೆ ಗೊತ್ತಾಗ್ತದೆ ಅತ್ಗೆ. ಮೊಗ್ಗಿಡು ಅಂತ ತುದಿಗೆ ಸುದ್ದಿ ಕಳಿಸ್ತದೆ. ಬೆಳಕಿದ್ರೆ ಆ ಸುದ್ದಿ ಓಗಲ್ಲ."

"ಯಾಕೆ ಓಗ್ಬಾರ್ದು?"

ತಲೆ ಕೆರೆದುಕೊಂಡು ತೊಟ್ಟಿಯ ಕಡೆಗೆ ನಡೆದ. ಇಂಥವನ ಹತ್ತಿರ ಯಾರು ಜಗಳವಾಡುತ್ತಾರೆ!

ಹಬ್ಬ ಕಳೆದ ಮೇಲಿನ ಶನಿವಾರ ಆಸ್ಪತ್ರೆಯಿಂದ ನೇರ ಬಂದವನು ಬಲ್ಬು ಕಳಚಿದ. "ಇನ್ನು ಮೊಗ್ಗಿಡ್ಲಿ ಅತ್ಗೆ. ಅಣ್ಣನ್ನ ಕಾರ್ತಿಕ ಮಾಸಕ್ಕೆ ಮನೆಗೆ ಕಳಿಸ್ತಾರಂತೆ."

ಆ ಬಲ್ಬನ್ನು ನಾನೇ ಸೆರಗಿನಲ್ಲಿ ಒರೆಸಿ ಒಳಗೆತ್ತಿಟ್ಟೆ.

ಕಾರ್ತಿಕದ ಕೊನೆಗೆ ಕಾರಿನಿಂದಿಳಿದ ನಿಮ್ಮ ತಾತ ಪಾತಿಯ ಮುಂದೆಯೇ ಕೂತುಬಿಟ್ಟರು. ಊರಲ್ಲೆಲ್ಲ ಹೂವು ಮುಗಿದು, ನಮ್ಮಲ್ಲಿ ಮಾತ್ರ ಪಾತಿ ತುಂಬ ಅರಳಿತ್ತು. "ನಂಗೋಸ್ಕರ ಕಾದವಲ್ಲೇ!" ಎಂದು ಒಂದು ಕಿತ್ತು ನನ್ನ ಮುಡಿಗಿಟ್ಟರು. ಮೈದುನ ನಮಗೆ ಬೆನ್ನು ಹಾಕಿಕೊಂಡು ಪಾಚಿ ನೋಡುತ್ತಿದ್ದ.

ಮುಂದಿನ ಸೇವಂತಿಗೆಗೆ ನಿಮ್ಮ ತಾತ ಇರಲಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಚಿಕ್ಕತಾತನಿಗೆ ಇದನ್ನೆಲ್ಲ ಎದುರಿಗೆ ಹೇಳಲು ನನಗೆ ಬಾಯಿ ಬಂದಿಲ್ಲ. ತೊಟ್ಟಿಯ ಪಾಚಿಯನ್ನು ಮಾತ್ರ ಅಂದಿನಿಂದ ನಾನು ಉಜ್ಜಿಲ್ಲ.