ಬೆಂಬಲ ಸಾಕು, ಟೀಚರನ್ನು ಕಳುಹಿಸಿ

ಮರ್ಕಂಜ,
ನವೆಂಬರ್ ಹನ್ನೆರಡು, ೧೯೬೨

ಸೇವಾ ಸಂಘಗಳ ಒಕ್ಕೂಟದ ಘನ ಅಧ್ಯಕ್ಷರ ಸನ್ನಿಧಿಗೆ, ಮತ್ತು ಓದು ಬಲ್ಲ ಸಮಸ್ತ ಸಾರ್ವಜನಿಕರಿಗೆ (ಓದು ಬಾರದವರಿಗೆ ಸಾಹುಲ್ ಹಮೀದ್ ಸಾಹೇಬರ ಅಂಗಡಿಯಲ್ಲಿ ಪ್ರತಿ ಸಂಜೆ ಓದಿ ಹೇಳಲಾಗುವುದು).

ಮಾನ್ಯರೇ,

ಪುತ್ತೂರು, ಸುಳ್ಯ, ಕಡಬ ಸೀಮೆಯ ನಲವತ್ತು ಬಡ ಸಂಘಗಳನ್ನು ಮರಿಗಳ ಮೇಲೆ ಕೂತ ಹೇಂಟೆಯ ಹಾಗೆ ಕಾಪಾಡಿಕೊಂಡು ಬರುತ್ತಿರುವ ತಮಗೆ, ಆ ಮರಿಗಳಲ್ಲೊಂದಾದ ಮರ್ಕಂಜ ಬಾಲವಾಡಿಯ ಕಾರ್ಯದರ್ಶಿ ಮೇದಪ್ಪನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ಏಕೆಂದರೆ ಕಳೆದ ವಾರವಷ್ಟೇ ತಮಗೆ ಬೆಟ್ಟಂಪಾಡಿಯಲ್ಲಿ ಸನ್ಮಾನವಾದ ಸುದ್ದಿ ಕೇಳಿದೆ, ಮತ್ತು ಕ್ಷೇಮವಿಲ್ಲದವರು ಅಷ್ಟು ಹಾರಗಳ ಭಾರವನ್ನು ತಡೆದುಕೊಳ್ಳಲಾರರು. ಹೇಂಟೆಯು ದಯವಿಟ್ಟು ಒಂದು ಗಳಿಗೆ ಮೇಲೇಳಬೇಕು, ಕೆಳಗೆ ನಮಗೆ ಉಸಿರು ಕಟ್ಟುತ್ತಿದೆ ಎಂದು ಅರಿಕೆ ಮಾಡಿಕೊಳ್ಳುವುದೇ ಈ ಪತ್ರದ ಉದ್ದೇಶ.

ನಮ್ಮ ಬಾಲವಾಡಿಯ ಪರಿಚಯವನ್ನು ಸಾರ್ವಜನಿಕರಿಗಾಗಿ ಮಾಡಿಕೊಡುತ್ತೇನೆ. ನನ್ನ ಮನೆಯ ಹಳೆಯ ಗಾಣದ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ಅವರಿಗೆ ಗಂಜಿ ಬೇಯಿಸುವ ದುಗ್ಗಮ್ಮ ಇದ್ದಾರೆ. ಮತ್ತು ನಮ್ಮೂರಿನವರೇ ಆದ ಶೀಲಾವತಿ ಟೀಚರ್ ಇದ್ದರು. ಮಕ್ಕಳು ಮನೆಯಿಂದ ಬರುವಾಗ ಅರೆಭಾಷೆ, ತುಳು, ಬ್ಯಾರಿ ಹೀಗೆ ಅವರವರ ಮಾತನ್ನು ತರುತ್ತಾರೆ, ಆದರೆ ಒಂದನೇ ತರಗತಿಯ ಮಾಸ್ತರರಿಗೆ ಪುಸ್ತಕದ ಕನ್ನಡವಲ್ಲದೆ ಬೇರೇನೂ ಬಾರದು. ಅವರ ಮಾತು ತಿಳಿಯದ ಮಗು ಎರಡು ತಿಂಗಳು ಮೂಲೆಯಲ್ಲಿ ಕೂತು ಅತ್ತು, ಮೂರನೇ ತಿಂಗಳು ದನ ಮೇಯಿಸಲು ಹೋಗುತ್ತದೆ. ಹಾಗೆ ಹೋದವರಲ್ಲಿ ನನ್ನ ತಮ್ಮನೂ ಒಬ್ಬ, ಇಂದಿಗೂ ಅವನು ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಶೀಲಾವತಿ ಟೀಚರಿಗೆ ಆ ಮೂರು ಮಾತುಗಳೂ ಬರುತ್ತವೆ, ಅವುಗಳ ಕೈಹಿಡಿದು ಮಕ್ಕಳನ್ನು ಕನ್ನಡಕ್ಕೆ ದಾಟಿಸುವ ಉಪಾಯವೂ ಬರುತ್ತದೆ. ಸಾಹುಲ್ ಹಮೀದ್ ಸಾಹೇಬರ ಮೊಮ್ಮಗಳು ನೆಬೀಸ, ಯಾರೊಡನೆಯೂ ತುಟಿ ಬಿಚ್ಚದ ಐದು ವರ್ಷದ ಹುಡುಗಿ, ಏನು ಕೊಟ್ಟರೂ ಎರಡು ಕೈಗೂ ಒಂದೊಂದು ಬೇಕೆಂದು ಹಟ ಹಿಡಿದು ನಿಲ್ಲುವವಳು, ಮೊದಲ ಬಾರಿಗೆ ಮಾತನಾಡಿದ್ದು ಟೀಚರ ಜೊತೆಗೆ. ಇವಳೂ ಸೇರಿ ಒಂಬತ್ತು ಮಕ್ಕಳು ಬರುವ ಜೂನ್ ಒಂದಕ್ಕೆ ಶಾಲೆಗೆ ಸೇರಬೇಕು.

ಈಗ ತಮ್ಮ ಬೆಂಬಲದ ವಿಷಯಕ್ಕೆ ಬರುತ್ತೇನೆ. ಕಳೆದ ಜೂನಿನಲ್ಲಿ ನಾವು ಒಕ್ಕೂಟಕ್ಕೆ ಬರೆದು ಹನ್ನೆರಡು ಸ್ಲೇಟುಗಳನ್ನು ಬೇಡಿದ್ದೆವು. ಅದು ನಮ್ಮ ಅಲ್ಪ ಬುದ್ಧಿ. ಸ್ಲೇಟು ಕೆಳಗೆ ಬಿದ್ದರೆ ಒಡೆಯುತ್ತದೆ, ನಾಯಕರು ಒಡೆಯುವುದಿಲ್ಲ, ಆದ್ದರಿಂದ ಒಕ್ಕೂಟವು ಸ್ಲೇಟು ಕೊಡುವುದಿಲ್ಲ, ನಾಯಕರನ್ನು ತಯಾರಿಸುತ್ತದೆ, ನಿಮ್ಮ ಟೀಚರನ್ನು ಮೂರು ದಿನದ ತರಬೇತಿಗೆ ಕಳುಹಿಸಿರಿ ಎಂದು ತಾವು ಸುಂದರವಾದ ಉತ್ತರ ಬರೆದಿರಿ. ಅದನ್ನು ಓದಿ ನನ್ನ ಕಣ್ಣು ತುಂಬಿ ಬಂತು. ಟೀಚರನ್ನು ಬಸ್ಸು ಹತ್ತಿಸಿ ಕೈ ಬೀಸಿದವನೂ ನಾನೇ.

ಟೀಚರ್ ಮೂರು ದಿನದಲ್ಲಿ ಎಷ್ಟು ಚೆನ್ನಾಗಿ ತರಬೇತಾದರೆಂದರೆ, ಅವರನ್ನು ಮೇಲಿನ ತರಬೇತಿಗೆ ಉಳಿಸಿಕೊಳ್ಳುವುದು ತಮಗೆ ಅನಿವಾರ್ಯವಾಯಿತು. ಅದನ್ನೂ ಮುಗಿಸಿದವರನ್ನು ಬೇರೆಯವರಿಗೆ ತರಬೇತಿ ಕೊಡಲು ನೇಮಿಸುವುದು ಸಹಜವಾಯಿತು. ತರಬೇತಿ ಕೊಡುವವರಿಗೆ ಒಂದು ಸ್ಥಾನಮಾನ ಬೇಡವೇ ಎಂದು ಸ್ವಾಗತ ಉಪಸಮಿತಿ, ಶಿಬಿರ ಉಪಸಮಿತಿ, ಕುಂದುಕೊರತೆ ಉಪಸಮಿತಿ ಹೀಗೆ ಐದು ಉಪಸಮಿತಿಗಳ ಸಂಚಾಲಕಿಯನ್ನಾಗಿ ಮಾಡಿದ್ದು ತಮ್ಮ ಉದಾರ ಮನಸ್ಸಿಗೆ ಸಾಕ್ಷಿ. ಆಗಸ್ಟಿನಲ್ಲಿ ಅವರು ಬಾಲವಾಡಿಗೆ ಬಂದದ್ದು ನಾಲ್ಕು ದಿನ. ಸೆಪ್ಟೆಂಬರಿನಲ್ಲಿ ಒಂದು ದಿನ, ಅದೂ ಕೊಡೆ ಮರೆತು ಹೋಗಿದ್ದರಿಂದ. ಅಕ್ಟೋಬರಿನಲ್ಲಿ ಕೊಡೆಯನ್ನು ಮರೆಯದಷ್ಟು ಪ್ರಗತಿ ಸಾಧಿಸಿದ್ದರು. "ಮೇದಪ್ಪಣ್ಣ, ನಿಮ್ಮ ಟೀಚರು ಬಸ್ಸಿನಲ್ಲೇ ಸಂಸಾರ ಹೂಡಿದ್ದಾ ಎಂತ? ಕುಂಬ್ರದಲ್ಲಿ ಹೋಗುವಾಗಲೂ ಕಂಡೆ, ಬರುವಾಗಲೂ ಕಂಡೆ" ಎಂದು ಸಾಹುಲ್ ಹಮೀದ್ ಸಾಹೇಬರು ಕೇಳಿದಾಗ, ಇಡೀ ಸೀಮೆಗೆ ನಾಯಕಿಯಾದವರು ಒಂದು ಊರಿನಲ್ಲಿ ಇರುವುದು ಸಂಕುಚಿತ ಬುದ್ಧಿಯೆಂದು ನಾನು ತಿಳಿಹೇಳಿದೆ. ದುಗ್ಗಮ್ಮ ಮಾತ್ರ ಒಪ್ಪಲಿಲ್ಲ. "ತರಬೇತಿಗೆ ಕಳಿಸಿದ್ದಾ ಮಾರಾಯ್ರೆ, ಅಲ್ಲ ಒಕ್ಕೂಟಕ್ಕೆ ಧಾರೆ ಎರೆದು ಕೊಟ್ಟದ್ದಾ?" ಎಂದು ಸೌಟು ಹಿಡಿದು ನಿಂತರು.

ಟೀಚರ ಬದಲಿಗೆ ತಾವು ಕಳುಹಿಸಿದ ನಾಲ್ಕು ಪ್ರಶಸ್ತಿಪತ್ರಗಳನ್ನೂ 'ಮಾದರಿ ಸದಸ್ಯ ಸಂಸ್ಥೆ' ಎಂಬ ಫಲಕವನ್ನೂ ಗೋಡೆಗೆ ತೂಗುಹಾಕಿದ್ದೇವೆ, ಅವುಗಳಲ್ಲಿ ಎರಡನ್ನು ಗೆದ್ದಲುಗಳು ಬಹಳ ಆಸಕ್ತಿಯಿಂದ ಓದುತ್ತಿವೆ. ಒಕ್ಕೂಟದ ಮಹಾಸಭೆಯ ಫೋಟೋವೂ ಅಲ್ಲೇ ಇದೆ. ಅದರಲ್ಲಿ ತಮ್ಮ ಪೇಟ ಸಂಪೂರ್ಣವಾಗಿ ಕಾಣುತ್ತದೆ, ಅದರ ಹಿಂದೆ ನಿಂತ ಶೀಲಾವತಿ ಟೀಚರ ಒಂದು ಕಿವಿ ಮಾತ್ರ ಕಾಣುತ್ತದೆ. ಮಕ್ಕಳು ಪ್ರತಿದಿನ ಬೆಳಿಗ್ಗೆ ಆ ಕಿವಿಗೆ ನಮಸ್ಕಾರ ಮಾಡಿ ಪಾಠಕ್ಕೆ ಕೂರುತ್ತಾರೆ.

ಪಾಠ ಮಾಡುವವನು ನಾನು. ಅರುವತ್ತು ವರ್ಷದಲ್ಲಿ ನಾನು ಕಲಿತ ವಿದ್ಯೆ ಎರಡೇ, ಗದ್ದೆ ಉಳುವುದು ಮತ್ತು ಸಭೆಗಳಲ್ಲಿ ಕೂರುವುದು. ಕೊಟ್ಟಿಗೆಯಲ್ಲಿ ಉಳಲು ಜಾಗವಿಲ್ಲದ್ದರಿಂದ ಮಕ್ಕಳಿಗೆ ಸಭೆಯನ್ನೇ ಕಲಿಸಿದೆ. ಅವರು ಒಂದು ತಿಂಗಳಲ್ಲಿ ಗಳಿಸಿದ ಪಾಂಡಿತ್ಯವನ್ನು ನೋಡಿದರೆ ತಾವು ಹೆಮ್ಮೆಯಿಂದ ಬೀಗುವಿರಿ. ನಾಲ್ಕು ವರ್ಷದ ಶ್ಯಾಮ ಹೊರಗೆ ಹೋಗಬೇಕಾದಾಗ ಎದ್ದು ನಿಂತು, ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ ಎಂದು ಆರಂಭಿಸುತ್ತಾನೆ, ಮತ್ತು ಹೆಚ್ಚಿನ ದಿನಗಳಲ್ಲಿ ಸಂಬೋಧನೆ ಮುಗಿಯುವುದರೊಳಗೆ ಹೊರಗೆ ಹೋಗುವ ಅಗತ್ಯ ಉಳಿದಿರುವುದಿಲ್ಲ. ಗಂಜಿಗೆ ಉಪ್ಪು ಹೆಚ್ಚಾಯಿತೆಂಬ ನಿರ್ಣಯವು ಅವಿರೋಧವಾಗಿ ಅಂಗೀಕಾರವಾಯಿತು, ಅದನ್ನು ವಿರೋಧಿಸಿ ದುಗ್ಗಮ್ಮ ಸಭಾತ್ಯಾಗ ಮಾಡಿದ್ದರಿಂದ ಅಂದು ಯಾರಿಗೂ ಗಂಜಿ ಸಿಗಲಿಲ್ಲ. ಬೆಕ್ಕಿಗೆ ಶಾಲು ಹೊದಿಸಿ ಸನ್ಮಾನ ಮಾಡಲು ಹೋಗಿ ಮೂವರ ಕೈ ಪರಚಿಹೋಯಿತು. ಇಷ್ಟೆಲ್ಲ ಆದರೂ ಇವರಲ್ಲಿ ಒಬ್ಬರಿಗೂ ಮಾಸ್ತರರ ಹತ್ತಿರ ನೀರು ಕೇಳುವುದು ಹೇಗೆಂದು ಗೊತ್ತಿಲ್ಲ. ಗೊತ್ತಿರುವುದು ವಂದನಾರ್ಪಣೆ ಮಾತ್ರ.

ನೆಬೀಸ ಯಾವ ಸಭೆಗೂ ಸೇರುವುದಿಲ್ಲ. ಒಂದೂವರೆ ಮೈಲು ದೂರದ ರಸ್ತೆಯಲ್ಲಿ ಬೆಳಗಿನ ಬಸ್ಸಿನ ಹಾರನ್ ಕೇಳಿದೊಡನೆ ಬಾಗಿಲಿಗೆ ಹೋಗಿ ಕೂರುತ್ತಾಳೆ, ಬಸ್ಸಿನಿಂದ ಇಳಿದವರು ನಡೆದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿದ್ದು, ಮತ್ತೆ ಒಳಗೆ ಬರುತ್ತಾಳೆ. ಸೆಪ್ಟೆಂಬರಿನ ಆ ಕೊಡೆಯ ದಿನದ ನಂತರ ಅವಳು ಮಾತಾಡಲಿಲ್ಲ. ತಮ್ಮ ಮೇಲೆ ನನಗೆ ಎಷ್ಟೇ ಗೌರವವಿದ್ದರೂ, ಅವಳು ಎದ್ದು ಒಳಗೆ ಬರುವುದನ್ನು ನೋಡುವಾಗ ನನಗೆ ತಮ್ಮ ಮೇಲೆ ಕೆಟ್ಟ ಕೋಪ ಬರುತ್ತದೆ, ಅದಕ್ಕಾಗಿ ಕ್ಷಮೆಯಿರಲಿ.

ಟೀಚರನ್ನು ಕಳುಹಿಸಿಕೊಡಿ ಎಂದು ನಾನು ಬರೆದ ಮೂರು ಪತ್ರಗಳಿಗೆ ತಾವು ಸುಮ್ಮನಿದ್ದಿರೆಂದು ಹೇಳಿದರೆ ನನ್ನ ನಾಲಗೆಗೆ ಹುಳ ಬೀಳುತ್ತದೆ. ಐದು ಜನರ ನಿಯೋಗವನ್ನೇ ಕಳುಹಿಸಿದಿರಿ. ನಮ್ಮ ಕಡೆಯ ಕ್ರಮದಂತೆ ಬೆಲ್ಲ ನೀರು ಕೊಟ್ಟು ಕೂರಿಸಿದೆವು, ಊಟ ಮಾಡಿದರು, ಎಲೆಯಡಿಕೆ ಹಾಕಿದರು, ಇಲ್ಲಿ ನಾಯಕತ್ವದ ಕೊರತೆ ಬಹಳ ಉಂಟು ಎಂದು ಬರೆದುಕೊಂಡು ಹೋದರು. ಅದರ ಫಲವಾಗಿ, ನಾಯಕರಿಲ್ಲದಾಗ ಸಂಸ್ಥೆಯನ್ನು ನಡೆಸುವುದು ಹೇಗೆ ಎಂಬ ವಿಷಯದ ಮೇಲೆ ಕಡಬದಲ್ಲಿ ನಡೆಯುವ ಎರಡು ದಿನದ ಶಿಬಿರಕ್ಕೆ ನನಗೇ ಕರೆ ಬಂತು. ಶಿಬಿರವನ್ನು ನಡೆಸಿಕೊಡುವವರು ಶೀಲಾವತಿ ಟೀಚರ್ ಎಂದು ಓದಿ, ಓಡಿಯೇ ಹೋದೆ. ನಮ್ಮೂರಿನ ಟೀಚರ ಮುಖ ನೋಡಲು ನಾನು ಎರಡು ಬಸ್ಸು ಬದಲಾಯಿಸಿ ಕಡಬಕ್ಕೆ ಹೋಗಿ ಮೂರನೇ ಸಾಲಿನಲ್ಲಿ ಕೂತೆ. ಅವರು ವೇದಿಕೆಯಿಂದ ನನ್ನನ್ನು ಕಂಡರು. ಭಾಷಣದ ನಡುವೆ ಮಾತು ನಿಲ್ಲಿಸಿ, "ಮೇದಪ್ಪಣ್ಣ, ನೆಬೀಸ ಈಗ ಮಾತಾಡ್ತಾಳಾ?" ಎಂದು ಕೇಳಿಯೇಬಿಟ್ಟರು. ಆಗ ಅಧ್ಯಕ್ಷಪೀಠದಲ್ಲಿದ್ದ ತಾವು ಗಂಟೆ ಬಾರಿಸಿ, ಪ್ರಶ್ನೆ ಕೇಳುವ ಸಮಯ ಊಟದ ನಂತರ, ಅಲ್ಲದೆ ಇದು ಇಂದಿನ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ತೀರ್ಪಿತ್ತಿರಿ. ಊಟದ ನಂತರ ಅವರನ್ನು ಬೇರೊಂದು ಉಪಸಮಿತಿಗೆ ಕರೆದುಕೊಂಡು ಹೋಗಲಾಗಿತ್ತು. ಸಭೆಯ ಶಿಸ್ತಿನ ಬಗ್ಗೆ ತಮಗಿರುವ ನಿಷ್ಠೆಯನ್ನು ಅಂದು ಕಣ್ಣಾರೆ ಕಂಡು ಬೆರಗಾದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ಶೀಲಾವತಿ ಟೀಚರು ನಾಯಕತ್ವಕ್ಕೆ ಸಂಪೂರ್ಣ ಅಯೋಗ್ಯರೆಂದು ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಅದಕ್ಕೆ ಚೌಕಟ್ಟನ್ನು ನಾವೇ ಹಾಕಿಸಿಕೊಳ್ಳುತ್ತೇವೆ, ಗೆದ್ದಲು ಹತ್ತದಂತೆಯೂ ನೋಡಿಕೊಳ್ಳುತ್ತೇವೆ. ಅದಾಗದಿದ್ದರೆ, ಪ್ರತಿ ಸದಸ್ಯ ಸಂಸ್ಥೆಗೆ ಅವರು ತಿಂಗಳಿಗೊಂದು ದಿನ ಭೇಟಿ ಕೊಡುವ ಏರ್ಪಾಡು ಕಾಗದದ ಮೇಲಾದರೂ ಇರುವುದರಿಂದ, ನಮ್ಮ ಇಪ್ಪತ್ತೆರಡು ಮಕ್ಕಳನ್ನೂ ಇಪ್ಪತ್ತೆರಡು ಬೇರೆ ಬೇರೆ ಸಂಸ್ಥೆಗಳೆಂದು ನೋಂದಾಯಿಸಿಕೊಳ್ಳಬೇಕು. ಸಂಸ್ಥೆಯ ಲಕ್ಷಣಗಳಾದ ಗಲಾಟೆ, ಜಗಳ ಮತ್ತು ಕೆಲಸದ ಹೊತ್ತಿಗೆ ನಿದ್ದೆ ಅವರೆಲ್ಲರಲ್ಲೂ ಇವೆ. ಅದೂ ಆಗದಿದ್ದರೆ, ನಮಗೆ ಕೊಡುತ್ತಿರುವ ಬೆಂಬಲವನ್ನು ಒಂದೇ ಒಂದು ವರ್ಷ ಯಾವುದಾದರೂ ಶತ್ರು ಸಂಸ್ಥೆಗೆ ಕೊಟ್ಟು, ನಮ್ಮನ್ನು ಸಂಪೂರ್ಣವಾಗಿ ಕೈಬಿಟ್ಟು ಕಾಪಾಡಬೇಕು.

ತಮ್ಮ ಬೆಂಬಲದ ಭಾರದಿಂದ ಬೆನ್ನು ಬಾಗಿ, ಆ ಕಾರಣಕ್ಕೇ ಇಷ್ಟು ವಿನಯವಂತನಂತೆ ಕಾಣುತ್ತಿರುವ,

ತಮ್ಮ ವಿಶ್ವಾಸಿ,
ಮೇದಪ್ಪ
ಕಾರ್ಯದರ್ಶಿ, ಸದ್ಯಕ್ಕೆ ಟೀಚರ್, ಮರ್ಕಂಜ ಬಾಲವಾಡಿ

ತಾ.ಕ.: ಮೇಲಿನ ಪ್ರಾರ್ಥನೆಗಳ ಬಗ್ಗೆ ತಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೊನ್ನೆ ಬಸ್ಸಿನ ಕಂಡಕ್ಟರ್ ಒಂದು ಪೊಟ್ಟಣ ಕೊಟ್ಟು ಹೋದ. ಕಳುಹಿಸಿದವರ ಹೆಸರಿರಲಿಲ್ಲ. ಒಳಗೆ ಒಕ್ಕೂಟದ ನಿಯಮಾವಳಿಯ ಒಂದು ಪ್ರತಿ, ಜೊತೆಗೆ ಪೆಪ್ಪರ್‌ಮಿಂಟ್. ಮಕ್ಕಳು ಇಪ್ಪತ್ತೆರಡು, ಪೆಪ್ಪರ್‌ಮಿಂಟ್ ಇಪ್ಪತ್ತಮೂರು. ನೆಬೀಸಳಿಗೆ ಎರಡು ಬೇಕೆಂದು ತಿಳಿದವರು ಇಡೀ ಒಕ್ಕೂಟದಲ್ಲಿ ಎಷ್ಟು ಜನರಿದ್ದಾರೆಂದು ನಾನು ಹೇಳುವುದಿಲ್ಲ. ನಿಯಮಾವಳಿಯಲ್ಲಿ ಹದಿನಾಲ್ಕನೇ ನಿಯಮದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಸದಸ್ಯ ಸಂಸ್ಥೆಯಿಂದ ಬಂದ ಪ್ರತಿಯೊಂದು ಲಿಖಿತ ದೂರಿಗೂ ಕುಂದುಕೊರತೆ ಉಪಸಮಿತಿಯ ಸಂಚಾಲಕರು ಖುದ್ದಾಗಿ ಆ ಸಂಸ್ಥೆಯಲ್ಲಿ ಮೂರು ಪೂರ್ಣ ದಿನಗಳಿದ್ದು ವಿಚಾರಣೆ ನಡೆಸತಕ್ಕದ್ದು, ವಿಚಾರಣೆ ಮುಗಿಯುವ ತನಕ ಅವರಿಗೆ ಬೇರೆ ಕೆಲಸ ವಹಿಸತಕ್ಕದ್ದಲ್ಲ ಎಂದು ತಾವೇ ರುಜು ಹಾಕಿದ್ದೀರಿ. ಸಂಚಾಲಕಿ ಯಾರೆಂದು ಮೇಲೆಯೇ ಬರೆದಿದ್ದೇನೆ. ಇದರೊಂದಿಗೆ ಐವತ್ತೇಳು ದೂರುಗಳನ್ನು ಲಗತ್ತಿಸಿದ್ದೇನೆ. ಭಾನುವಾರಗಳನ್ನು ಬಿಟ್ಟರೆ ಅವು ಜೂನ್ ಒಂದರ ತನಕ ಸರಿಯಾಗಿ ಸಾಕಾಗುತ್ತವೆ. ಒಂದನೆಯದು ಹನ್ನೆರಡು ಸ್ಲೇಟುಗಳದ್ದು, ಎರಡನೆಯದು ಉಪ್ಪಿನ ನಿರ್ಣಯದ ವಿರುದ್ಧ ದುಗ್ಗಮ್ಮನದ್ದು, ಏಳನೆಯದು ಬೆಕ್ಕಿನ ಪರವಾಗಿ ಶ್ಯಾಮನದ್ದು. ಐವತ್ತೇಳನೆಯದು ನೆಬೀಸಳದ್ದು. ಏನು ಬರೆಯಲಿ ಎಂದು ಎಲ್ಲ ಮಕ್ಕಳನ್ನು ಕೇಳುತ್ತಾ ಅವಳ ಹತ್ತಿರ ಬಂದಾಗ, ಎರಡು ಕೈಯಲ್ಲೂ ಪೆಪ್ಪರ್‌ಮಿಂಟ್ ಹಿಡಿದುಕೊಂಡು ಅವಳು ಸೆಪ್ಟೆಂಬರಿನ ನಂತರ ಮೊದಲ ಬಾರಿಗೆ ಬಾಯಿ ಬಿಟ್ಟು ಎರಡೇ ಶಬ್ದ ಹೇಳಿದಳು, ಅದೂ ಕನ್ನಡದಲ್ಲಿ: "ಟೀಚರ್ ಇಲ್ಲ." ಇದನ್ನು ಮೊದಲು ವಿಚಾರಣೆಗೆ ತೆಗೆದುಕೊಳ್ಳಬೇಕಾಗಿ ವಿನಂತಿ. ಸಂಚಾಲಕಿಯವರು ಬಂದು ಬಾಗಿಲಲ್ಲಿ ನಿಂತ ಕೂಡಲೇ ಈ ದೂರು ಸುಳ್ಳೆಂದು ಸಾಬೀತಾಗುತ್ತದೆ. ಉಳಿದ ಐವತ್ತಾರನ್ನು ಅವರು ನಿಧಾನವಾಗಿ ವಿಚಾರಿಸಲಿ.