ಮಸ್ಕತ್ ಗಡಿಯಾರ ನೋಡಿ ವಿಮಾನ ಬಿಟ್ಟ ಕಥೆ

ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಕಾಲ, ದೂರ, ವೇಗದ ಲೆಕ್ಕ ಕಲಿಸಿದವನಿಗೆ ಹನ್ನೆರಡು ವಿಮಾನಗಳನ್ನು ಹೊತ್ತಿಗೆ ಸರಿಯಾಗಿ ಮೇಲೆ ಕಳಿಸುವುದೂ ಒಂದು ಕೆಲಸವೇ? ಹೀಗೆಂದು ನಾನು ಆ ಭಾನುವಾರ ಸಂಜೆಯವರೆಗೆ ಪ್ರಾಮಾಣಿಕವಾಗಿ ನಂಬಿದ್ದೆ.

ವಿಮಾನ ಎಂದರೆ ನಿಜವಾದದ್ದಲ್ಲ, ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚರ ಒಂದು ಬಳಗ ಉಂಟು. ಕೆಲವರು ತಮ್ಮ ಮನೆಯ ಕುರ್ಚಿಯಲ್ಲಿ ಕುಳಿತು ಪೈಲಟ್ ಆಗುತ್ತಾರೆ. ಕೆಲವರು ತಮ್ಮ ಮನೆಯ ಕುರ್ಚಿಯಲ್ಲಿ ಕುಳಿತು ಕಂಟ್ರೋಲ್ ಟವರ್ ಆಗುತ್ತಾರೆ. ದೇರೆಬೈಲಿನ ನಮ್ಮ ಮನೆಯ ಹಿಂದಿನ ಕೋಣೆ, ಭಾನುವಾರ ಸಂಜೆ ಐದೂವರೆಯಿಂದ ಏಳೂವರೆಯವರೆಗೆ, ಮಂಗಳೂರಿನ ಟವರ್. ಮೈಕಿನ ಮುಂದೆ ಲುಂಗಿ ಉಟ್ಟು ಕುಳಿತವನು ನಾನು.

ಈ ಹುಚ್ಚು ನನಗೆ ಹಿಡಿದದ್ದು ಹೆಂಡತಿ ಲೀನಾ ಮಸ್ಕತ್‌ಗೆ ನರ್ಸ್ ಆಗಿ ಹೋದ ಮೇಲೆ. ನಮ್ಮ ಮನೆಯ ಮೇಲಿನಿಂದ ಹೋಗುವ ಪ್ರತಿಯೊಂದು ವಿಮಾನವನ್ನೂ ಅಂಗಳಕ್ಕೆ ಬಂದು ನೋಡುತ್ತಿದ್ದೆ. ಅದು ಮಸ್ಕತ್‌ಗೆ ಹೋಗುವುದೋ ಬೆಂಗಳೂರಿಗೆ ಹೋಗುವುದೋ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳಲು ಹೊರಟು, ಒಂದರ ಹಿಂದೆ ಒಂದು ಕಲಿಯುತ್ತಾ, ಕೊನೆಗೆ ಟವರೇ ಆಗಿಬಿಟ್ಟೆ.

ಆ ಭಾನುವಾರ ಬಳಗದ ದೊಡ್ಡ ಕಾರ್ಯಕ್ರಮ. ಹನ್ನೆರಡು ವಿಮಾನಗಳು ಮಂಗಳೂರಿನಿಂದ ಮಸ್ಕತ್‌ಗೆ, ಐದೈದು ನಿಮಿಷಕ್ಕೊಂದು. ಪ್ರತಿ ವಿಮಾನಕ್ಕೂ ನೆಲ ಬಿಡುವ ಒಂದು ಹೊತ್ತು ನಿಗದಿ. ಅದಕ್ಕೆ ಸ್ಲಾಟ್ ಎನ್ನುತ್ತಾರೆ. ಸ್ಲಾಟಿಗೆ ಹದಿನೈದು ನಿಮಿಷ ಮೊದಲು ಎಂಜಿನ್ ಶುರು ಮಾಡಲು ಹೇಳುವುದು ನನ್ನ ಕೆಲಸ. ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಗುಡ್ಡದ ಮೇಲಿನ ಒಂದೇ ರನ್‌ವೇ ಎದುರು ರೇಷನ್ ಅಂಗಡಿಯ ಸಾಲು ನಿಲ್ಲುತ್ತದೆ. ಮಸ್ಕತ್ ಕಡೆಯನ್ನು ನೋಡಿಕೊಳ್ಳುವವರು ಒಬ್ಬರು ಮೇಡಂ, ಕುಳಿತದ್ದು ಪುಣೆಯಲ್ಲಿ.

ವಿಮಾನದವರು ಲೋಕಕ್ಕೆಲ್ಲ ಒಂದೇ ಸಮಯ ಇಟ್ಟುಕೊಂಡಿದ್ದಾರೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಆ ಅರ್ಧ ಗಂಟೆಯ ರಗಳೆ ಯಾರಿಗೆ ಬೇಕು? ನನ್ನ ಎದುರಿನ ಗೋಡೆಯಲ್ಲಿ ಬೇರೊಂದು ಗಡಿಯಾರ ಇತ್ತಲ್ಲ! ಗಲ್ಫಿಗೆ ಒಬ್ಬರು ಹೋದ ಮನೆಯಲ್ಲಿ ಗೋಡೆಗೆ ಎರಡು ಗಡಿಯಾರ ಇರುವುದು ನಮ್ಮ ಊರಿನಲ್ಲಿ ಹೊಸತಲ್ಲ. ಹಾಲ್‌ನಲ್ಲಿ ಊರಿನ ಸಮಯ, ಕೋಣೆಯಲ್ಲಿ ಮಸ್ಕತ್ ಸಮಯ. ಮಸ್ಕತ್ ಗಡಿಯಾರದಲ್ಲಿ ನಾಲ್ಕು ಗಂಟೆ ಕಳೆದರೆ ವಿಮಾನದವರ ಸಮಯ ಸಿಗುತ್ತದೆ, ನಿಮಿಷ ಮುಟ್ಟಬೇಕಾಗಿಲ್ಲ. ಈ ಉಪಾಯ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಲ್ಲದೆ ನನ್ನ ಕಣ್ಣು ಹೇಗೂ ಆ ಗಡಿಯಾರದ ಮೇಲೆಯೇ ಇರುತ್ತದೆ. ಅದರಲ್ಲಿ ಸಂಜೆ ಐದಾದರೆ ಲೀನಾಳಿಗೆ ಚಹಾದ ಬಿಡುವು, ನನಗೆ ವಿಡಿಯೋ ಕಾಲ್. ಅವಳು ದಿನಾ ಹತ್ತು ನಿಮಿಷ ತಡ. ಹದಿನಾಲ್ಕು ತಿಂಗಳಿನಿಂದ ನಮ್ಮ ಮಾತು ಶುರುವಾಗುವುದೇ ಹೀಗೆ:

"ಇವತ್ತೂ ಹತ್ತು ನಿಮಿಷ ಲೇಟ್."

"ಇಲ್ಲ ಮಾರಾಯ, ಇಲ್ಲಿ ಸರಿ ಐದು ಗಂಟೆ."

"ನಿಮ್ಮ ಆಸ್ಪತ್ರೆಯ ಗಡಿಯಾರ ಹಾಳಾಗಿದೆ. ಮೇಟ್ರನ್‌ಗೆ ಹೇಳು."

ಆ ದಿನದ ಕಾಲ್ ಮಾತ್ರ ದೊಡ್ಡದು. ಲೀನಾಳಿಗೆ ರಜೆ ಸಿಗುವುದೋ ಇಲ್ಲವೋ ಎಂದು ಮೇಟ್ರನ್ ಆ ಸಂಜೆ ಹೇಳುವವರಿದ್ದರು. ಹದಿನಾಲ್ಕು ತಿಂಗಳಿನಿಂದ ನಾನು ಹೆಂಡತಿಯನ್ನು ನೋಡಿದ್ದು ಅಂಗೈಯಷ್ಟು ಅಗಲದಲ್ಲಿ. ಪೂರ್ತಿಯಾಗಿ ನೋಡಬೇಕೆಂದು ಆಸೆ.

ಐದೂವರೆಗೆ ಪಕ್ಕದ ಮನೆಯ ಹಮೀದಾಕ ಬಂದು ಮಂಚದ ಮೇಲೆ ಕುಳಿತರು. ಬಿಜೈಯಲ್ಲಿ ಅವರದ್ದು ಚಪ್ಪಲಿ ಅಂಗಡಿ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಮಸ್ಕತ್‌ನಲ್ಲೇ ಇದ್ದವರು.

"ಇದು ಕೂತಲ್ಲೇ ಮಸ್ಕತ್‌ಗೆ ಹೋಗುದಾ ಮಾಸ್ಟ್ರೇ? ಒಳ್ಳೆದುಂಟಲ್ಲ. ವೀಸಾ ಬೇಡ, ಲಗೇಜ್ ತೂಕ ಮಾಡ್ಲಿಕ್ಕಿಲ್ಲ."

"ಮಾತಾಡಬೇಡಿ ಹಮೀದಾಕ, ಡ್ಯೂಟಿಯಲ್ಲಿದ್ದೇನೆ," ಎಂದೆ ಗಂಭೀರವಾಗಿ.

ಮೊದಲನೆಯ ವಿಮಾನಕ್ಕೆ ಎಂಜಿನ್ ಶುರು ಮಾಡಲು ಹೇಳಿದೆ. ಎರಡನೆಯದು, ಮೂರನೆಯದು. ಗೋಡೆ ನೋಡುವುದು, ನಾಲ್ಕು ಕಳೆಯುವುದು, ಆಜ್ಞೆ ಕೊಡುವುದು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಐದನೆಯ ಪೈಲಟ್ ಉಡುಪಿಯ ಹಲ್ಲಿನ ಡಾಕ್ಟರ್. ರೇಡಿಯೋದಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂಬ ನಿಯಮ ಮುರಿದು ಕೇಳಿದರು:

"ಸಾರ್, ನನ್ನದಕ್ಕೆ ಇನ್ನೂ ಹತ್ತು ನಿಮಿಷ ಉಂಟಲ್ಲ?"

"ಟವರ್ ಹೇಳಿದ ಮೇಲೆ ಶುರು ಮಾಡಿ ಡಾಕ್ಟ್ರೇ. ಸಮಯದ ಜವಾಬ್ದಾರಿ ನನ್ನದು."

ಈ ಕೊನೆಯ ವಾಕ್ಯವನ್ನು ಬಳಗದವರು ಈಗಲೂ ನನಗೆ ನೆನಪಿಸುತ್ತಾರೆ.

ಮೂರು ವಿಮಾನಗಳು ಆಕಾಶ ಸೇರಿದ್ದೇ ತಡ, ಪುಣೆಯ ಮೇಡಂ ಲೈನಿಗೆ ಬಂದರು. ನಿಮ್ಮ ವಿಮಾನಗಳು ಹೊತ್ತಿಗೆ ಮೊದಲೇ ಬರುತ್ತಿವೆ, ಆ ಜಾಗದಲ್ಲಿ ಕೊಚ್ಚಿಯ ವಿಮಾನಗಳಿವೆ, ಇನ್ನು ಒಂದನ್ನೂ ಬಿಡಬೇಡಿ ಎಂದರು. ನಾನು ಗೋಡೆ ನೋಡಿದೆ. ಕಳೆದೆ. ಇನ್ನೊಮ್ಮೆ ಕಳೆದೆ. ಲೆಕ್ಕ ಸರಿ ಇತ್ತು. ಲೆಕ್ಕ ಸರಿ ಇದ್ದರೆ ತಪ್ಪು ಎದುರಿನವರದ್ದು ಎಂಬುದು ಗಣಿತದ ಮಾಸ್ಟ್ರುಗಳ ಧರ್ಮ. ಹಾಗಾಗಿ ಕೂಡಲೇ ಒಂದು ಸಂದೇಶ ಟೈಪ್ ಮಾಡಿದೆ: 'ಮಂಗಳೂರಿನ ಸಮಯದಲ್ಲಿ ಯಾವುದೇ ಲೋಪ ಇರುವುದಿಲ್ಲ. ತಾವು ತಮ್ಮ ಗಡಿಯಾರವನ್ನು ಪರಿಶೀಲಿಸಿಕೊಳ್ಳಬೇಕಾಗಿ ವಿನಂತಿ.' ಇದನ್ನೇ ಇಂಗ್ಲಿಷಿನಲ್ಲಿ, ಇನ್ನೂ ಖಾರವಾಗಿ.

ಅವರು ಉತ್ತರಿಸಿದರು. ನಾನು ಪ್ರತ್ಯುತ್ತರಿಸಿದೆ. ಕಂಪ್ಯೂಟರಿನ ಮೂಲೆಯಲ್ಲೇ ಸಮಯ ಕಾಣುತ್ತದೆ, ನೋಡಿ ಎಂದು ಅವರು ಹೇಳಿದರು. ಆ ಮೂಲೆಯ ಮೇಲೆ ನಾನು ಸ್ಲಾಟ್ ಪಟ್ಟಿಯ ಚೀಟಿ ಅಂಟಿಸಿದ್ದೆ! ಈ ವಾಗ್ವಾದ ಅರ್ಧ ಗಂಟೆ ಹತ್ತಿರ ನಡೆಯಿತು. ಅಷ್ಟರಲ್ಲಿ ಎಂಜಿನ್ ಶುರು ಮಾಡಿ ಸಾಲಲ್ಲಿ ನಿಂತಿದ್ದವರ ಸ್ಲಾಟುಗಳು ದಾಟಿಹೋದವು. ಹಲ್ಲಿನ ಡಾಕ್ಟರ್ ಇಂಧನದ ಲೆಕ್ಕ ಓದಿ ಹೇಳತೊಡಗಿದರು. ಮೂರು ವಿಮಾನಗಳನ್ನು ಬೇಗ ಕಳಿಸಿ, ಉಳಿದವನ್ನು ತಡ ಮಾಡಿದ ಕೀರ್ತಿ ಒಂದೇ ಸಂಜೆಯಲ್ಲಿ ನನಗೆ ಸಂದಿತು.

ಕೊನೆಗೆ ಮೇಡಂ ಸೋತು, ಉಳಿದ ಒಂಬತ್ತಕ್ಕೂ ಹೊಸ ಸ್ಲಾಟ್ ಓದುತ್ತೇನೆ, ಒಂದೊಂದನ್ನೂ ತಿರುಗಿ ಹೇಳಿ ಎಂದರು. ಎರಡನೆಯದನ್ನು ತಿರುಗಿ ಹೇಳುತ್ತಿದ್ದೆ. ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು. ಲೀನಾ.

"ವಿಲ್ಲಿ, ಎರಡೇ ನಿಮಿಷ. ಮೇಟ್ರನ್ ಎದುರೇ ಇದ್ದಾರೆ. ರಜೆ ಎರಡು ಉಂಟು. ಒಂದು ಸೆಪ್ಟೆಂಬರ್, ಮೋಂತಿ ಹಬ್ಬಕ್ಕೆ ಸರಿ ಆಗ್ತದೆ. ಇನ್ನೊಂದು ಕ್ರಿಸ್ಮಸ್. ಒಂದು ನನಗೆ, ಒಂದು ನಮ್ಮ ವಾರ್ಡಿನ ಶೈಲಾಳಿಗೆ. ಸೆಪ್ಟೆಂಬರಲ್ಲಿ ನಿನಗೆ ಶಾಲೆ ಇರ್ತದೆ, ನನಗೆ ಗೊತ್ತುಂಟು. ಆದರೂ ಎಂತ ಹೇಳಲಿ?"

ಮೋಂತಿ ಎಂದರೆ ನಮ್ಮ ಕ್ರೈಸ್ತರ ತೆನೆ ಹಬ್ಬ, ಅದಕ್ಕೆ ಇನ್ನು ಮೂರೇ ವಾರ. ಹೊಸ ಅಕ್ಕಿಯ ಊಟಕ್ಕೆ ಅವಳು ಎದುರು ಕುಳಿತಿರುತ್ತಾಳೆ. ಶಾಲೆಯೇನು, ಸುಟ್ಟ ಬದನೆಕಾಯಿ! 'ಈಗಲೇ ಬಾ' ಎಂಬ ಎರಡು ಶಬ್ದ ನನ್ನ ನಾಲಗೆಯ ತುದಿಯಲ್ಲಿತ್ತು. ಅವಳು ಕೇಳಬೇಕೆಂದಿದ್ದದ್ದೂ ಅದೇ ಎಂದು ಅವಳ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆದರೆ ಕಿವಿಯಲ್ಲಿ ಮೇಡಂ ಮೂರನೆಯ ಸ್ಲಾಟ್ ಓದುತ್ತಿದ್ದರು. ನಾನು ಟವರಿನ ಗತ್ತಿನಲ್ಲೇ ಫೋನಿಗೆ ಕೈ ತೋರಿಸಿ ಹೇಳಿದೆ:

"ಸ್ಟ್ಯಾಂಡ್‌ಬೈ."

ಒಂಬತ್ತೂ ಸ್ಲಾಟ್ ಬರೆದು, ತಿರುಗಿ ಹೇಳಿ, ಫೋನ್ ಎತ್ತಿದಾಗ ಅದರಲ್ಲಿ ಅವಳ ಮುಖ ಇರಲಿಲ್ಲ. ಒಂದು ಮೆಸೇಜ್ ಇತ್ತು. 'ಮೇಟ್ರನ್ ಕಾಯ್ಲಿಲ್ಲ. ಶೈಲಾ ಓಣಂ ಅಂತ ಸೆಪ್ಟೆಂಬರ್ ತಗೊಂಡಳು. ನನಗೆ ಡಿಸೆಂಬರ್ ಇಪ್ಪತ್ತು. ನಿನ್ನ ಕೆಲಸ ಮುಗಿಸು.'

ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಕುರ್ಚಿಯಿಂದ ಏಳದವರು ಹನ್ನೆರಡು ಮಂದಿ. ಅವರನ್ನೆಲ್ಲ ಮಸ್ಕತ್‌ಗೆ ಕಳಿಸಲು ನನಗೆ ಸಮಯ ಇತ್ತು. ಅಲ್ಲಿಂದ ನಿಜವಾಗಿ ಬರಬೇಕಾದವಳು ಒಬ್ಬಳೇ. ಅವಳಿಗೆ ಕಾಯಲು ಹೇಳಿದೆ. ಅಳು ಬಂತು ಎಂದರೆ ನಗಬೇಡಿ, ಬಂದದ್ದು ಹೌದು.

ಹಮೀದಾಕ ಮಂಚದಿಂದ ಎದ್ದು ಬಂದರು. ಆಮೇಲೆ ತಮ್ಮ ಕೈಗಡಿಯಾರ ನೋಡಿದರು, ಗೋಡೆ ನೋಡಿದರು.

"ಮಾಸ್ಟ್ರೇ, ಬೇಜಾರು ಮಾಡ್ಬೇಡಿ. ನಿಮ್ಮ ಮಸ್ಕತ್ ಹತ್ತು ನಿಮಿಷ ಮುಂದೆ ಉಂಟು."

"ನಿಮಗೆ ಹೇಗೆ ಗೊತ್ತು?"

"ನನ್ನ ವಾಚಿನಲ್ಲಿ ಈಗಲೂ ಮಸ್ಕತ್ ಟೈಮೇ. ಬಂದು ಏಳು ವರ್ಷ ಆಯ್ತು. ತಿರುಗಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅಲ್ಲಿದ್ದಾಗ ಊರಿನ ಟೈಮ್ ಇಟ್ಟಿದ್ದೆ."

ಆಗ ನೆನಪಾಯಿತು. ಗಡಿಯಾರವನ್ನು ಮುಂದೆ ತಳ್ಳಿದ್ದು ಬೇರೆ ಯಾರೂ ಅಲ್ಲ, ನಾನೇ. ಲೀನಾ ಮಸ್ಕತ್‌ಗೆ ಹೋದ ಮೊದಲ ವಾರ ಅವಳ ಕಾಲ್ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ, ಕಾಲ್ ತಪ್ಪಿತು. ಇನ್ನು ಹಾಗಾಗಬಾರದು, ಐದಕ್ಕೆ ಮೊದಲೇ ಶರ್ಟ್ ಹಾಕಿ, ತಲೆ ಬಾಚಿ ಕುಳಿತಿರಬೇಕು ಎಂದು ಹತ್ತು ನಿಮಿಷ ಮುಂದೆ ಇಟ್ಟೆ. ಇಟ್ಟದ್ದನ್ನು ಮರೆತೆ. ಆ ಮೇಲೆ ದಿನಾ ಹತ್ತು ನಿಮಿಷ ಕಾದು, ಅವಳನ್ನೇ ಬೈದೆ. ಅವಳ ಆಸ್ಪತ್ರೆಯ ಗಡಿಯಾರವನ್ನೂ ಬೈದೆ.

ಪುಣೆಯ ಮೇಡಂಗೆ ಕ್ಷಮಾಪಣೆ ಬರೆದೆ. ಬಳಗದವರು ಸಭೆ ಸೇರಿ, ನನ್ನನ್ನು ಟವರಿನಿಂದ ಇಳಿಸಿ, ಹವಾಮಾನ ಓದಿ ಹೇಳುವ ಕೆಲಸಕ್ಕೆ ಹಾಕಿದರು. ಮಂಗಳೂರಿನ ಹವಾಮಾನದಲ್ಲಿ ಓದಲಿಕ್ಕೆ ಎಂತ ಉಂಟು? ಸೆಖೆ, ಇಲ್ಲದಿದ್ದರೆ ಮಳೆ.

ಸೋಮವಾರ ಶಾಲೆಯಿಂದ ಬಂದವನೇ ಸ್ಟೂಲ್ ಹತ್ತಿ ಗಡಿಯಾರವನ್ನು ಸರಿ ಮಾಡಿದೆ. ಪ್ರಾಯಶ್ಚಿತ್ತ ಮಾಡಿಕೊಂಡ ಸಮಾಧಾನದಲ್ಲಿ ಗಡ್ಡ ತೆಗೆಯಲು ಕುಳಿತೆ. ಅರ್ಧ ಕೆನ್ನೆ ಆಗಿತ್ತು, ಫೋನ್ ಬಂತು. ಗೋಡೆ ನೋಡಿದೆ. ಸರಿ ಐದು ಗಂಟೆ! ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಲೀನಾಳಿಗೆ ನಾನು ಬನಿಯನ್ನಿನಲ್ಲಿ, ಮುಖದ ತುಂಬ ಸೋಪಿನ ನೊರೆಯೊಂದಿಗೆ ಕಂಡೆ.

"ಇದು ಎಂತ ಅವತಾರ?" ಎಂದಳು.

ಎಲ್ಲವನ್ನೂ ಹೇಳಿದೆ. ಗಡಿಯಾರ, ಹಮೀದಾಕನ ವಾಚು, ಸ್ಟ್ಯಾಂಡ್‌ಬೈ, ಯಾವುದನ್ನೂ ಬಿಡಲಿಲ್ಲ. ಮೊದಲು ನಕ್ಕಳು. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. ನಗುವಿಗೆ ಬಂದ ನೀರೋ ಅಲ್ಲವೋ, ಅಂಗೈಯಷ್ಟು ಅಗಲದಲ್ಲಿ ತಿಳಿಯುವುದಿಲ್ಲ.

"ದಿನಾ ತಲೆ ಬಾಚಿ ಹತ್ತು ನಿಮಿಷ ಕಾಯ್ತಿದ್ದಿಯಾ?"

"ಹೌದು."

"ಹೇಳ್ಬಾರದಿತ್ತಾ ಮಾರಾಯ?"

ಅವಳು ನನ್ನ ಅರ್ಧ ಗಡ್ಡ ನೋಡುತ್ತಾ ಇದ್ದಳು.

"ನೋಡು, ಇವತ್ತು ನೀನು ಲೇಟ್," ಎಂದಳು. "ಡಿಸೆಂಬರ್ ಇಪ್ಪತ್ತಕ್ಕೆ ಏರ್‌ಪೋರ್ಟಿನಲ್ಲಿ ಹೀಗೆ ನಿಂತರೆ ನಾನು ಹಾಗೇ ವಾಪಸ್ ಹೋಗ್ತೇನೆ."

ಫೋನ್ ಇಡುವಷ್ಟರಲ್ಲಿ ಮುಖದ ನೊರೆ ಒಣಗಿತ್ತು. ಮತ್ತೆ ಸ್ಟೂಲ್ ಹತ್ತಿದೆ. ಗಡಿಯಾರವನ್ನು ಹತ್ತು ನಿಮಿಷ ಮುಂದೆ ತಳ್ಳಿದೆ. ಡಿಸೆಂಬರ್ ಅಷ್ಟಾದರೂ ಹತ್ತಿರ ಬರಲಿ. ಇಳಿಯುವಾಗ ಸ್ಟೂಲ್ ಜಾರಿ ಬಿದ್ದೆ.