ಹುಣಸೆಹಣ್ಣಿನಲ್ಲಿ ತಿಕ್ಕಿದ ತೋಟಾಗಳು

ನನ್ನ ಕಣ್ಣಿನಲ್ಲಿ ದೋಷವಿಲ್ಲ, ಕೈಯಲ್ಲೂ ಇಲ್ಲ, ಇರುವುದೆಲ್ಲ ಹಳೆಯ ತೋಟಾಗಳಲ್ಲಿ ಎಂಬ ತೀರ್ಮಾನಕ್ಕೆ ನಾನು ಬಹಳ ಗಂಭೀರವಾಗಿ ಆಲೋಚಿಸಿಯೇ ಬಂದಿದ್ದೆ. ರೈಫಲ್ ಕ್ಲಬ್ಬಿನ ಸ್ಪರ್ಧೆಯಲ್ಲಿ ಪ್ರತಿ ಸಲ ಕೊನೆಯವನಾಗುವುದಕ್ಕೆ ಒಬ್ಬ ಇಂಜಿನಿಯರು ಬೇರೆ ಯಾವ ಕಾರಣವನ್ನು ತಾನೇ ಒಪ್ಪಿಯಾನು? ಹೊಸ ಖಾಲಿ ಹಿತ್ತಾಳೆ ತೋಟಾಗಳನ್ನು ತರಿಸಿದೆ. ಮದ್ದು ತುಂಬಿ, ಗುಂಡು ಕೂರಿಸಿ, ನಾನೇ ಸಿದ್ಧಪಡಿಸುವ ಹವ್ಯಾಸ ನನ್ನದು.

ಈ ಪರದೇಶದಲ್ಲಿ, ಮಿಲ್ಪಿಟಾಸಿನ ನಮ್ಮ ಟೌನ್‌ಹೌಸಿನ ಗರಾಜು ಈ ಘನಕಾರ್ಯಕ್ಕೆ ಮೀಸಲು. ಕಾರು ಬೀದಿಯಲ್ಲಿ. ಇದು ಹೆಂಡತಿ ವೀಣಾಗೆ ಸುತರಾಂ ಹಿಡಿಸಿರಲಿಲ್ಲ.

"ಈ ಸಂಡೇನೂ ಲಾಸ್ಟ್ ಬಂದ್ರ ಏನ್ ಮಾಡ್ತೀರಿ?" ಎಂದಳು.

"ಗರಾಜು ಖಾಲಿ ಮಾಡ್ತೀನಿ. ಕಾರು ಒಳಗೆ ಬರ್ಲಿ."

"ಅವ್ವನ ಮುಂದ ಹೇಳ್ರಿ."

ಧಾರವಾಡದಿಂದ ಬಂದಿದ್ದ ಅತ್ತೆಯ ಮುಂದೆ ಹೇಳಿದೆ. ಅತ್ತೆಗೆ ಮಾತು ಕೊಟ್ಟ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಎವರ್‌ಗ್ರೀನ್ ಬಡಾವಣೆಯ ಶಿವಣ್ಣನವರು ಕ್ಲಬ್ಬಿನಲ್ಲಿ ನಮಗೆಲ್ಲ ಹಿರಿಯರು, ಹಾಸನದವರು. ಅವರು ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದರು.

"ನೋಡಿ ಸ್ವಾಮಿ, ತೋಟಾದ ಕುತ್ತಿಗೆ ಗುಂಡನ್ನ ಹಿಡ್ಕೊಂಡಿರುತ್ತಲ್ಲ, ಆ ಹಿಡಿತ ಎಲ್ಲದ್ರಲ್ಲೂ ಒಂದೇ ಸಮ ಇರ್ಬೇಕು. ಹೊಸದ್ರಲ್ಲಿ ಒಂದೊಂದು ಒಂದೊಂದು ಥರ ಇರುತ್ತೆ. ಅಳತೆಗೆ ಸರಿಯಾದ ಉಕ್ಕಿನ ಕಡ್ಡಿ ಸಿಗುತ್ತೆ, ಕುತ್ತಿಗೆಗೆ ತೂರಿಸಿ ಸರಿ ಮಾಡ್ಕೊಳಿ. ಮಿಕ್ಕಿದ್ದೇನೂ ಮುಟ್ಬೇಡಿ."

ಕಡ್ಡಿ ತರಿಸಲಿಲ್ಲ. ಮಿಕ್ಕಿದ್ದೆಲ್ಲ ಮುಟ್ಟಿದೆ.

ಪೆಟ್ಟಿಗೆ ತೆರೆದರೆ ಪ್ರತಿ ತೋಟಾದ ಕುತ್ತಿಗೆಯ ಸುತ್ತ ನೀಲಿ ಮಿಶ್ರಿತ ಕಂದು ಕಲೆ. ಕಾರ್ಖಾನೆಯಲ್ಲಿ ಕಾಯಿಸಿ ಹದ ಮಾಡಿದ ಗುರುತದು, ಇರಬೇಕಾದದ್ದೇ ಎಂಬುದು ಈಗ ಗೊತ್ತು. ಆಗ ನನಗೆ ಕಂಡದ್ದು ಕಿಲುಬು ಹಿಡಿದ ಹಿತ್ತಾಳೆ. ಹಿತ್ತಾಳೆಗೆ ಕಲೆಯಾದರೆ ಏನು ಮಾಡಬೇಕೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೆಹಣ್ಣು ನೆನೆಹಾಕಿ ಉಪ್ಪು ಬೆರೆಸಿದೆ.

ಸಿಂಕಿನ ಮುಂದೆ ನಿಂತು ತಿಕ್ಕುತ್ತಿದ್ದ ಅಳಿಯನನ್ನು ಕಂಡು ಅತ್ತೆಗೆ ಕಣ್ಣು ತುಂಬಿ ಬಂತು. "ಒಳಗೂ ತಿಕ್ರಿ ಅಳಿಯಂದ್ರ, ಕುತ್ತಿಗ್ಯಾಗ ಜಿಡ್ಡು ಉಳೀಬಾರದು."

ಪೊರಕೆಕಡ್ಡಿಗೆ ಹತ್ತಿ ಸುತ್ತಿ ಒಳಗೂ ತಿಕ್ಕಿದೆ. ತೊಳೆದು ಬಿಸಿಲಿಗಿಟ್ಟಾಗ ಅವು ಎಷ್ಟು ಹೊಳೆದವೆಂದರೆ ಪಕ್ಕದ ಮನೆಯಾಕೆ ಕಿಟಕಿಯ ಪರದೆ ಎಳೆದುಕೊಂಡಳು.

ಆಮೇಲೆ ಮದ್ದು ತುಂಬಿ ಗುಂಡು ಕೂರಿಸಲು ಹೊರಟೆ. ಕೂರಲಿಲ್ಲ. ಜಿಡ್ಡೆಲ್ಲ ಹೋಗಿ ಒಣಗಿದ ಕುತ್ತಿಗೆ ಗುಂಡನ್ನು ಬಾಯಲ್ಲೇ ಕಚ್ಚಿ ಹಿಡಿಯಿತು. ಒತ್ತುವ ಯಂತ್ರದ ಹಿಡಿಗೆ ಜೋತುಬಿದ್ದೆ. ಕಿರ್ರೆಂದು ಕಿರುಚುತ್ತ, ಮೈಯ ತಾಮ್ರವನ್ನೆಲ್ಲ ಹೆರೆದುಕೊಂಡು ಒಂದು ಗುಂಡು ಇಳಿಯಿತು.

"ಒಳಗ ಯಾರನ್ನ ಹಿಡಿದು ಹೊಡ್ಯಾಕತ್ತೀರಿ?" ವೀಣಾ ಅಡುಗೆಮನೆಯಿಂದ ಕೇಳಿದಳು.

ಶಿವಣ್ಣನವರಿಗೆ ಫೋನು ಮಾಡಬಹುದಿತ್ತು. ಆದರೆ ಹುಣಸೆಹಣ್ಣಿನ ವಿಷಯ ಬಾಯಿಬಿಡಬೇಕಾಗುತ್ತಿತ್ತಲ್ಲ! ಬದಲಿಗೆ ಉಳಿದವುಗಳ ಮದ್ದು ಹೊರಗೆ ಸುರಿದು, ಕುತ್ತಿಗೆಗೆ ಸ್ಕ್ರೂಡ್ರೈವರ್ ತೂರಿಸಿ ತಿರುವಿದೆ. ಅರ್ಧದಷ್ಟು ಪೂರ್ತಿ ಸಡಿಲವಾದವು. ಬಗ್ಗದ ಅರ್ಧಕ್ಕೆ ತುಪ್ಪ ಸವರಿದೆ. ಮತ್ತೆ ಮದ್ದು ತುಂಬಿ ಒತ್ತಿದರೆ ಗುಂಡುಗಳು ಸುಖವಾಗಿ ಜಾರಿ ಕೂತವು. ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯಿಂದ ಊಟ ಮಾಡಿದೆ.

ಭಾನುವಾರ ಮೈದಾನದಲ್ಲಿ ಶಿವಣ್ಣನವರು ನನ್ನ ಪೆಟ್ಟಿಗೆ ತೆರೆದವರೇ ಮೂಗರಳಿಸಿದರು.

"ಇದೇನ್ರೀ, ಮೈಸೂರುಪಾಕಿನ ವಾಸನೆ?"

ಒಂದು ತೋಟಾ ಎತ್ತಿ ಬಗ್ಗಿಸಿದರು. ಗುಂಡು ಅವರ ಅಂಗೈಗೆ ಬಿತ್ತು, ಹಿಂದೆಯೇ ಮದ್ದು ಸುರಿಯಿತು. ಇನ್ನೊಂದನ್ನು ಎಳೆದು ನೋಡಿದರು. ಅಲುಗಲಿಲ್ಲ. ನಾನು ನಡೆದದ್ದನ್ನೆಲ್ಲ ಒದರಿದೆ. ಅವರು ಪೆಟ್ಟಿಗೆ ಮುಚ್ಚಿದರು.

"ಇವನ್ನ ಹಾರಿಸೋ ಹಾಗೇ ಇಲ್ಲ. ಮುಖ ಮೂತಿ ಉಳಿಯೋದಿಲ್ಲ."

"ಒಂದೇ ಒಂದು, ಸುಮ್ನೆ ನೋಡೋಕೆ?"

"ಸಂಕ್ರಾಂತಿಗೆ ಎಳ್ಳು ಬೀರೋಕೆ ಇಟ್ಕೊಳಿ."

ಹೀಗೆ, ಒಂದು ಗುಂಡನ್ನೂ ಹಾರಿಸದೆ ಕೊನೆಯ ಸ್ಥಾನ ಗಳಿಸಿದ ಕೀರ್ತಿ ನಮ್ಮ ಕ್ಲಬ್ಬಿನಲ್ಲಿ ನನಗೊಬ್ಬನಿಗೇ ಸಂದಿತು. ಬೇರೆಯವರು ನಕ್ಕಿದ್ದರೆ ಸಹಿಸಬಹುದಿತ್ತು. ಎಲ್ಲರೂ ಬಂದು ಬೆನ್ನು ತಟ್ಟಿ ಸಮಾಧಾನ ಹೇಳಿದರು. ನಿಜಕ್ಕೂ ನಾಚಿಕೆಯಾಯಿತು.

ಶಿವಣ್ಣನವರು ತೋಟಾಗಳ ಒಳಗಿದ್ದುದನ್ನೆಲ್ಲ ತೆಗೆದುಹಾಕಿ ಖಾಲಿ ಹಿತ್ತಾಳೆಯನ್ನು ನನ್ನ ಕೈಗಿಟ್ಟರು. ಮರುದಿನವೇ ಗರಾಜು ಖಾಲಿಯಾಯಿತು. ಕಾರು ರಾಜಗಾಂಭೀರ್ಯದಿಂದ ಒಳಗೆ ಬಂತು. ಅತ್ತೆ ಅದಕ್ಕೆ ಕುಂಕುಮವಿಟ್ಟು, ಹೂವೇರಿಸಿ, ನನ್ನ ತೋಟಾಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಕ್ಕೂ ದಪ್ಪನೆಯ ಊದುಬತ್ತಿ ಸಿಕ್ಕಿಸಿದರು. ಕೆಲವು ಬತ್ತಿ ನೆಟ್ಟಗೆ ನಿಂತವು. ಕೆಲವು ವಾಲಿದವು. ಒಂದಂತೂ ಹೊಗೆಯಾಡುತ್ತ ಬಂಪರಿನ ಕಡೆ ಬಾಗಿತು.

ಅತ್ತೆ ತಿರುಗಿ ನೋಡಿದರು. "ಒಂದರಾಗ ಗಟ್ಟಿ ನಿಂದರತೈತಿ, ಇನ್ನೊಂದರಾಗ ಅಳ್ಳಾಡತೈತಿ. ಎಲ್ಲಾ ಒಂದ ಸಮ ಇರಬೇಕಿಲ್ರಿ ಅಳಿಯಂದ್ರ?"

ಮಂಗಳಾರತಿ ಮುಗಿಯುವ ತನಕ ವಾಲಿದ ಬತ್ತಿಯನ್ನು ಬೆರಳಲ್ಲಿ ಹಿಡಿದು ಕೂತೆ.

"ಹಾಂ, ಹಿಂಗ" ಎಂದರು ಅತ್ತೆ. ನನ್ನ ಹಿಡಿತವನ್ನು ಮೆಚ್ಚಿದವರು ಇವತ್ತಿಗೂ ಅವರೊಬ್ಬರೇ.